ತಾಳವಾಡಿ ಸೀಮೆಯಲ್ಲಿ ಲಯದ ಕಲಿಕೆ

ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟಸೀಮೆ ಕನ್ನಡ ಮಾತಿನ ನೆಲ. ಬ್ರಿಟಿಷರ ಕಾಲದಲ್ಲಿ ಇದೂ, ಮಲೆ ಮಹದೇಶ್ವರ ಬೆಟ್ಟವಿದ್ದ ಅಂದಿನ ಕೊಳ್ಳೇಗಾಲ ತಾಲ್ಲೂಕೂ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಗಡಿ ಬಿದ್ದರೂ ಮಾದಪ್ಪನ, ಅಂದರೆ ಮಹದೇಶ್ವರನ, ಭಕ್ತಿಯಾಗಲಿ ಅವನ ಹಾಡಾಗಲಿ ಎರಡಾಗಲಿಲ್ಲ.

ಆ ಹಾಡಿನ ಲಯವನ್ನು ಹಿಡಿದು ನಡೆಸುವುದು ಕಂಸಾಳೆ. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ಕುಚ್ಚು ಕಟ್ಟಿದ ಚಪ್ಪಟೆ ತಾಳ. ನುಡಿಸುವವರು ಗುರುವಿನಿಂದ ದೀಕ್ಷೆ ಪಡೆದ ದೇವರಗುಡ್ಡರು. ನೋಡಿ ನುಡಿಸಲು ಬರೆದಿಟ್ಟ ಸ್ವರಲಿಪಿ ಇಲ್ಲಿಲ್ಲ. ಮುಖ್ಯ ಗಾಯಕನ ಹಿಂದೆ ಸೊಲ್ಲು ಸೇರಿಸುತ್ತ, ರಾತ್ರಿಯಿಡೀ ಸಾಗುವ ಕಥನದ ನಡೆ ಬದಲಾದಾಗ ಕೈಯನ್ನೂ ಬದಲಿಸುತ್ತ ಕಲಿಯಬೇಕು. ಬೀಸು ಕಂಸಾಳೆಯಲ್ಲಿ ಪರೀಕ್ಷೆ ಇನ್ನೂ ಕಠಿಣ: ತಾಳವನ್ನು ತಲೆಯ ಮೇಲೆ, ಬೆನ್ನ ಹಿಂದೆ ಬೀಸಿ, ಜೊತೆಗಾರನ ತಾಳಕ್ಕೆ ಸರಿಯಾದ ಪೆಟ್ಟಿನಲ್ಲೇ ತಾಗಿಸಬೇಕು. ಲಯ ತಪ್ಪಿದರೆ ಗಾಯವೂ ಆದೀತು.

ಶಾಸ್ತ್ರೀಯ ಸಂಗೀತದಲ್ಲೂ ಬರಹದ ನೆರವು ದೊಡ್ಡದಾಗಿ ಬಂದದ್ದು ತಡವಾಗಿಯೇ. ಸುಬ್ಬರಾಮ ದೀಕ್ಷಿತರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ 1904ರಲ್ಲಿ ಗಮಕ ಚಿಹ್ನೆಗಳ ಸಮೇತ ಕೃತಿಗಳನ್ನು ಅಚ್ಚಿಗೆ ತಂದಿತು. ಅಲ್ಲಿಯೂ ಸರಳೆ, ಅಲಂಕಾರಗಳೆಂಬ ಆರಂಭದ ಪಾಠಗಳನ್ನು ಕೈಯಲ್ಲಿ ತಾಳ ಹಾಕುತ್ತ ಗುರುಮುಖದಿಂದ ಕಲಿಯುವ ಕ್ರಮ ನಿಲ್ಲಲಿಲ್ಲ. ಸ್ವರ ಬರೆದಿಡುವುದು ನೆನಪಿಗೆ ಆಸರೆಯೇ ಹೊರತು ಕಲಿಕೆಗೆ ಬದಲಿಯಲ್ಲ.

ಕಿವಿಯಿಂದಲೇ ಬೆಳೆದ ಗಾಯನಕ್ಕೆ ತಾಳವಾಡಿ ಸೀಮೆಯ ದೊಡ್ಡ ಸಾಕ್ಷಿ ಗಾಜನೂರಿನ ನಟ, ಗಾಯಕ ರಾಜ್‌ಕುಮಾರ್. ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ವೃತ್ತಿ ನಾಟಕ ಕಂಪನಿಗಳಲ್ಲಿ ಹಾಡು, ಲಯ ಕಲಿತ ಅವರಿಗೆ ‘ಜೀವನ ಚೈತ್ರ’ ಚಿತ್ರದ ಗಾಯನಕ್ಕಾಗಿ 1992ರ ಸಾಲಿನ ರಾಷ್ಟ್ರಪ್ರಶಸ್ತಿ ಸಂದಿತು.