ಒಂದು ಹೆಸರು, ಎರಡು ಪಕ್ಷ: ವಿಭಜಿತ ಜರ್ಮನಿಯ ಕ್ರೈಸ್ತ ಪ್ರಜಾಸತ್ತಾವಾದಿಗಳು

ದ್ವಿತೀಯ ಮಹಾಯುದ್ಧದಲ್ಲಿ ಸೋತ ಜರ್ಮನಿಯನ್ನು ವಿಜೇತ ರಾಷ್ಟ್ರಗಳು ನಾಲ್ಕು ವಲಯಗಳಾಗಿ ಹಂಚಿಕೊಂಡವು. ಆ ಅವಶೇಷಗಳ ನಡುವೆ, 1945ರ ಜೂನ್ 26ರಂದು, ಬರ್ಲಿನ್ನಿನಲ್ಲಿ ಕ್ರಿಶ್ಚಿಯನ್ ಡೆಮಾಕ್ರಟಿಕ್ ಯೂನಿಯನ್ ಎಂಬ ಪಕ್ಷದ ಸ್ಥಾಪನಾ ಕರೆ ಹೊರಟಿತು. ಇಲ್ಲಿ ‘ಯೂನಿಯನ್’ ಎಂಬ ಪದ ಮುಖ್ಯವಾದುದು. ಹಿಟ್ಲರನಿಗೆ ಮುನ್ನ ಕ್ಯಾಥೊಲಿಕರಿಗೆ ತಮ್ಮದೇ ಆದ ಸೆಂಟರ್ ಪಕ್ಷವಿತ್ತು. ಕ್ಯಾಥೊಲಿಕರೂ ಪ್ರಾಟೆಸ್ಟೆಂಟರೂ ಒಂದೇ ಪಕ್ಷದಲ್ಲಿ ಕೂಡಬೇಕೆಂಬ ಸಂಕಲ್ಪವನ್ನು ಈ ಪದ ಸೂಚಿಸುತ್ತಿತ್ತು. ಪಶ್ಚಿಮದ ವಲಯಗಳಲ್ಲಿಯೂ ಇದೇ ಹೆಸರಿನ ಪಕ್ಷ ಬೆಳೆದು, ಕಾನ್ರಾಡ್ ಅಡೆನೌರ್ ನಾಯಕತ್ವದಲ್ಲಿ ಅಧಿಕಾರಕ್ಕೆ ಬಂದಿತು. ಸೋವಿಯತ್ ವಲಯದಲ್ಲಿ ಅದರ ಹಾದಿ ಬೇರೆಯಾಯಿತು.

ಬರ್ಲಿನ್ನಿನ ಮೊದಲ ಅಧ್ಯಕ್ಷ ಆಂಡ್ರಿಯಾಸ್ ಹೆರ್ಮೆಸ್ ನಾಜಿ ನ್ಯಾಯಾಲಯದಿಂದ ಮರಣದಂಡನೆಗೆ ಗುರಿಯಾಗಿ ಬದುಕುಳಿದವರು. ಪರಿಹಾರವಿಲ್ಲದೆ ಭೂಮಿಯನ್ನು ಕಸಿದುಕೊಳ್ಳುವ ಭೂಸುಧಾರಣೆಯನ್ನು ಒಪ್ಪದ ಕಾರಣ ಸೋವಿಯತ್ ಸೇನಾಡಳಿತವು 1945ರ ಡಿಸೆಂಬರಿನಲ್ಲಿ ಅವರನ್ನು ಕೆಳಗಿಳಿಸಿತು. ಅನಂತರ ಬಂದ ಯಾಕೋಬ್ ಕೈಸರ್ ಮತ್ತು ಎರ್ನ್‌ಸ್ಟ್ ಲೆಮ್ಮರ್ ಕಮ್ಯುನಿಸ್ಟರು ಕರೆದ ಜನ ಮಹಾಸಭೆಯಲ್ಲಿ ಪಕ್ಷವನ್ನು ತೊಡಗಿಸಲು ನಿರಾಕರಿಸಿದ್ದರಿಂದ 1947ರ ಡಿಸೆಂಬರಿನಲ್ಲಿ ಪದಚ್ಯುತರಾದರು. 1948ರಲ್ಲಿ ಒಟ್ಟೊ ನುಷ್ಕೆ ಅಧ್ಯಕ್ಷರಾದ ಮೇಲೆ ಪಕ್ಷವು ಆಳುವವರ ಜೊತೆಗೆ ನಡೆಯತೊಡಗಿತು.

1949ರಲ್ಲಿ ಪೂರ್ವ ಜರ್ಮನಿಯು ಪ್ರತ್ಯೇಕ ರಾಜ್ಯವಾಯಿತು. 1950ರ ಚುನಾವಣೆಯಲ್ಲಿ ಮತದಾರನ ಮುಂದಿದ್ದುದು ಒಂದೇ ಅಭ್ಯರ್ಥಿಪಟ್ಟಿ. ಯಾವ ಪಕ್ಷಕ್ಕೆ ಎಷ್ಟು ಸ್ಥಾನವೆಂಬುದು ಮೊದಲೇ ನಿಶ್ಚಿತ. 1952ರಲ್ಲಿ ಪಕ್ಷವು ಸಮಾಜವಾದಿ ಏಕತಾ ಪಕ್ಷದ ಮುಂದಾಳತನವನ್ನು ವಿಧಿವತ್ತಾಗಿ ಒಪ್ಪಿಕೊಂಡಿತು. ವಿಧೇಯತೆಯೂ ರಕ್ಷಣೆ ನೀಡಲಿಲ್ಲ. ಇದೇ ಪಕ್ಷದ ಗೇಯಾರ್ಗ್ ಡೆರ್ಟಿಂಗರ್ ಆ ರಾಜ್ಯದ ಮೊದಲ ವಿದೇಶಾಂಗ ಸಚಿವರಾಗಿದ್ದವರು; 1953ರ ಜನವರಿಯಲ್ಲಿ ಅವರನ್ನು ಬಂಧಿಸಿ ಮರುವರ್ಷ 15 ವರ್ಷಗಳ ಸೆರೆವಾಸ ವಿಧಿಸಲಾಯಿತು.

ಹಾಗಾದರೆ ಉಳಿದದ್ದು ಬರಿಯ ಹೆಸರೇ? 1972ರ ಮಾರ್ಚ್ 9ರಂದು ಗರ್ಭಪಾತಕ್ಕೆ ಅನುಮತಿ ನೀಡುವ ಮಸೂದೆ ಸಂಸತ್ತಿನ ಮುಂದೆ ಬಂದಾಗ, ಈ ಪಕ್ಷದ 14 ಸದಸ್ಯರು ವಿರುದ್ಧ ಮತ ಹಾಕಿದರು; 8 ಮಂದಿ ತಟಸ್ಥರಾದರು. 1989ರವರೆಗೆ ಸರ್ವಾನುಮತವೇ ಕಟ್ಟಳೆಯಾಗಿದ್ದ ಆ ಸದನದಲ್ಲಿ ಭಿನ್ನಮತ ದಾಖಲಾದುದು ಅಂದು ಮಾತ್ರ. ಅದನ್ನು ಪ್ರತಿಭಟನೆಯೆನ್ನುವುದಕ್ಕಿಂತ ಆಳುವವರು ಬಿಟ್ಟುಕೊಟ್ಟ ಕಿರಿದಾದ ಅವಕಾಶವೆನ್ನುವುದೇ ಯುಕ್ತ. ಆದರೂ ಕ್ರೈಸ್ತ ಎಂಬ ವಿಶೇಷಣಕ್ಕೆ ಅರ್ಥ ಪೂರ್ತಿ ಅಳಿದಿರಲಿಲ್ಲ.

1989ರ ಸೆಪ್ಟೆಂಬರಿನಲ್ಲಿ ಪಕ್ಷದ ನಾಲ್ವರು ಸದಸ್ಯರು ಸುಧಾರಣೆಯನ್ನು ಕೋರಿ ‘ವೈಮಾರ್ ಪತ್ರ’ ಬರೆದರು. ನವೆಂಬರಿನಲ್ಲಿ ಬರ್ಲಿನ್ ಗೋಡೆ ತೆರೆಯಿತು; ಲೋಥಾರ್ ಡಿ ಮೆಜಿಯೇರ್ ಅಧ್ಯಕ್ಷರಾದರು. 1990ರ ಮಾರ್ಚ್ 18ರ ಮುಕ್ತ ಚುನಾವಣೆಯಲ್ಲಿ ಪಕ್ಷವು ಶೇಕಡ 40.8 ಮತ ಗಳಿಸಿತು. ಡಿ ಮೆಜಿಯೇರ್ ಪ್ರಧಾನಿಯಾದರು. ಅಕ್ಟೋಬರ್ 3ರ ರಾಷ್ಟ್ರೀಯ ಏಕೀಕರಣಕ್ಕೆ ಮುನ್ನವೇ ಎರಡು ಪಕ್ಷಗಳೂ ಒಂದಾದವು.

ಈ ಗೆಲುವಿನಲ್ಲಿ ಪಶ್ಚಿಮದ ಚಾನ್ಸಲರ್ ಹೆಲ್ಮುಟ್ ಕೋಲ್ ಅವರ ಪ್ರಭಾವ ದೊಡ್ಡದು. ನಾಲ್ಕು ದಶಕ ತಲೆಬಾಗಿದವರು ಹೊಸ ಕಾಲದ ಫಲವನ್ನೂ ಉಂಡರೆಂಬ ಆಕ್ಷೇಪವೂ ನಿರಾಧಾರವಲ್ಲ. ಒಂದೇ ಹೆಸರು ಸರ್ವಾಧಿಕಾರಕ್ಕೆ ಬಹುಪಕ್ಷೀಯತೆಯ ಮುಖವಾಡವಾಯಿತು. ಅದೇ ಹೆಸರು ಮುಕ್ತ ಚುನಾವಣೆಯಲ್ಲಿ ಜನರ ವಿಶ್ವಾಸಕ್ಕೂ ಪಾತ್ರವಾಯಿತು. ಹೆರ್ಮೆಸ್, ಕೈಸರ್, ಲೆಮ್ಮರ್ ಅವರು ಪದವಿ ಕಳೆದುಕೊಂಡು ಆ ಹೆಸರಿಗೆ ಗಳಿಸಿಕೊಟ್ಟ ಗೌರವವನ್ನು ಅನಂತರದವರು ಬಹುಕಾಲ ಖರ್ಚುಮಾಡುತ್ತಲೇ ಬಂದರು.