ಆಪತ್ಕಾಲವೂ ಶಿಶುರಕ್ಷಣೆಯೂ : ಮಿತಾಕ್ಷರೆಯ ನಾಡಿನಲ್ಲೊಂದು ವಿಚಾರ

ಕ್ಷಾಮ, ಪ್ರವಾಹ, ಯುದ್ಧ, ಮಹಾಮಾರಿ ಮುಂತಾದ ಆಪತ್ತುಗಳು ಒದಗಿದಾಗ ಎಲ್ಲರಿಗಿಂತ ಮೊದಲು ನೆಲೆ ತಪ್ಪುವವರು ಮಕ್ಕಳು. ಹಸಿದ ಮಗುವಿಗೆ ಅನ್ನವಿಕ್ಕುವುದು ಧರ್ಮವೆಂಬುದರಲ್ಲಿ ಯಾರಿಗೂ ವಿಪ್ರತಿಪತ್ತಿಯಿಲ್ಲ. ಆದರೆ ಅನ್ನವಿಕ್ಕಿದವನಿಗೆ ಆ ಮಗುವಿನ ಮೇಲೆ ಯಾವ ಅಧಿಕಾರವುಂಟಾಗುತ್ತದೆ? ಸಾವಿನಿಂದ ಉಳಿಸಿದವನು ಅದನ್ನು ತನ್ನದೆನ್ನಬಹುದೆ? ಹಸಿವಿನಿಂದ ಕಂಗೆಟ್ಟ ತಾಯಿತಂದೆಗಳು ಕೊಟ್ಟರೆಂದ ಮಾತ್ರಕ್ಕೆ ತೆಗೆದುಕೊಳ್ಳುವುದು ನ್ಯಾಯವೆ? ಶಿಶುರಕ್ಷಣೆಯ ಇತಿಹಾಸದಲ್ಲಿ ನಿಜವಾಗಿ ವಿಚಾರಿಸತಕ್ಕ ಅಂಶವು ಇದೇ. ಈ ಪ್ರಶ್ನೆಯನ್ನು ಸೂಕ್ಷ್ಮವಾಗಿ ವಿವೇಚಿಸಿದ ಗ್ರಂಥಗಳಲ್ಲಿ ಅಗ್ರಗಣ್ಯವಾದುದೊಂದು ಕನ್ನಡ ನಾಡಿನಲ್ಲಿಯೇ ಹುಟ್ಟಿತೆಂಬುದು ಹೆಮ್ಮೆಯ ಸಂಗತಿ.

ಸೇಡಂ, ಚಿತ್ತಾಪುರ, ಚಿಂಚೋಳಿ, ಶಹಾಬಾದ, ವಾಡಿಗಳ ಸೀಮೆಯು ವೈಭವವನ್ನೂ ವಿಪತ್ತನ್ನೂ ಸಮಾನವಾಗಿ ಕಂಡ ಭೂಮಿ. ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಕಾಗಿಣಾ ನದಿಯ ದಡದ ಆ ರಾಜಧಾನಿಯನ್ನು ೯೭೨ರಲ್ಲಿ ಪರಮಾರ ಸೀಯಕನು ಸೂರೆಗೊಂಡನು. ಶಹಾಬಾದದ ಸಮೀಪದ ಮರತೂರನ್ನು ಸಂಶೋಧಕರು ವಿಜ್ಞಾನೇಶ್ವರನ ಊರೆಂದು ಗುರುತಿಸಿರುತ್ತಾರೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (೧೦೭೬–೧೧೨೬) ಈತನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು ಭರತಖಂಡದ ಬಹುಭಾಗಕ್ಕೆ ವ್ಯವಹಾರಪ್ರಮಾಣವಾಯಿತು. ದಾಯಭಾಗದ ವಿಷಯದಲ್ಲಿ ಅದನ್ನು ಎಲ್ಲರೂ ಬಲ್ಲರು. ಆಪತ್ತಿನಲ್ಲಿ ಸಿಕ್ಕಿದ ಮಗುವಿನ ವಿಷಯದಲ್ಲಿ ಅದು ಹೇಳುವುದನ್ನು ಅಷ್ಟಾಗಿ ಯಾರೂ ಗಮನಿಸಿಲ್ಲ.

ಮೊದಲು ಧರ್ಮಶಾಸ್ತ್ರದಲ್ಲಿಯೇ ತೋರುವ ಒಂದು ವಿರೋಧವನ್ನು ಪರಿಶೀಲಿಸಬೇಕು. ಯಾಜ್ಞವಲ್ಕ್ಯನು ದಾನಮಾಡತಕ್ಕ ವಸ್ತುಗಳನ್ನು ಹೇಳುವಾಗ ಹೆಂಡತಿ ಮಕ್ಕಳನ್ನು ಹೊರತುಪಡಿಸುತ್ತಾನೆ. ನಾರದನು ಇನ್ನೂ ಮುಂದುವರಿದು, ಎಂತಹ ಕಷ್ಟದ ಆಪತ್ತಿನಲ್ಲಿಯೂ ಕೊಡಬಾರದವುಗಳ ಪಟ್ಟಿಯಲ್ಲಿ ಪುತ್ರನನ್ನೂ ಪತ್ನಿಯನ್ನೂ ಸೇರಿಸುತ್ತಾನೆ. ಇತ್ತ ಮನುವು ದತ್ತಪುತ್ರನ ಲಕ್ಷಣವನ್ನು ಹೇಳುವಾಗ ತಾಯಿಯಾಗಲಿ ತಂದೆಯಾಗಲಿ ಆಪತ್ಕಾಲದಲ್ಲಿ ಜಲಪೂರ್ವಕವಾಗಿ ಮಗನನ್ನು ಕೊಡಬಹುದೆನ್ನುತ್ತಾನೆ. ಒಬ್ಬನು ಆಪತ್ತಿನಲ್ಲಿಯೂ ಕೊಡಬಾರದೆಂದರೆ ಇನ್ನೊಬ್ಬನು ಆಪತ್ತಿನಲ್ಲಿ ಕೊಡಬಹುದೆನ್ನುತ್ತಾನೆ. ಇವೆರಡಕ್ಕೂ ಸಮನ್ವಯವು ಹೇಗೆ?

ಕೊಡುವ ಬಗೆಯಲ್ಲಿಯೇ ಭೇದವಿರುವುದೆಂದು ತಿಳಿದರೆ ವಿರೋಧವು ಪರಿಹಾರವಾಗುತ್ತದೆ. ನಿಷೇಧವಿರುವುದು ಮಗುವನ್ನು ಸ್ವತ್ತಿನಂತೆ ಕೊಡುವುದಕ್ಕೆ. ಅನುಜ್ಞೆಯಿರುವುದು ಮಗುವನ್ನು ಮಗುವಾಗಿಯೇ ಇನ್ನೊಂದು ಮಡಿಲಿಗೆ ಒಪ್ಪಿಸುವುದಕ್ಕೆ. ಮೊದಲನೆಯದರಲ್ಲಿ ಅದು ವಸ್ತುವಾಗುತ್ತದೆ. ಎರಡನೆಯದರಲ್ಲಿ ಪುತ್ರನಾಗಿ, ಹೆಸರು, ಕುಲ, ದಾಯಗಳಿಗೆ ಹಕ್ಕುಳ್ಳದ್ದಾಗುತ್ತದೆ. ಕ್ರೀತಪುತ್ರನ ವಿಷಯದಲ್ಲಿ ಕೂಡ, ಬೆಲೆ ಕೊಟ್ಟು ಪಡೆದವನಾದರೂ ಅವನು ಪುತ್ರರ ಗಣನೆಯಲ್ಲಿ ಬರುವನೇ ಹೊರತು ದಾಸರ ಗಣನೆಯಲ್ಲಿ ಬಾರನು.

ಈ ಅನುಜ್ಞೆಗೂ ವಿಜ್ಞಾನೇಶ್ವರನು ಕಟ್ಟುಗಳನ್ನು ಹಾಕುತ್ತಾನೆ. ಮನುವಚನದಲ್ಲಿ ಆಪತ್ತೆಂಬ ಪದವಿರುವುದರಿಂದ ಆಪತ್ತಿಲ್ಲದಾಗ ಕೊಡತಕ್ಕದ್ದಲ್ಲವೆಂದೂ, ಈ ನಿಷೇಧವು ಕೊಡುವವನಿಗೆ ಸಂಬಂಧಿಸಿದುದೆಂದೂ ಅವನ ನಿರ್ಣಯ. ಒಬ್ಬನೇ ಮಗನಿದ್ದರೆ ಅವನನ್ನು ಕೊಡಕೂಡದು. ಹಲವರಿದ್ದರೂ ಜ್ಯೇಷ್ಠನನ್ನು ಕೊಡಕೂಡದು. ಕ್ರೀತಪುತ್ರನಿಗೂ ಇದೇ ನಿಯಮವನ್ನು ಅನ್ವಯಿಸುತ್ತಾನೆ. ಆಪತ್ತೆಂದರೆ ಪಡೆಯುವವನ ಪುತ್ರಹೀನತೆಯೆಂದು ಅರ್ಥಮಾಡಿದ ವ್ಯಾಖ್ಯಾನಕಾರರೂ ಇರುತ್ತಾರೆ. ಹಾಗೆ ತಿಳಿದರೆ ಇಡೀ ವಿಧಿಯು ತೆಗೆದುಕೊಳ್ಳುವವನ ಅಪೇಕ್ಷೆಗೆ ಸೇರಿದುದಾಗುತ್ತದೆ. ವಿಜ್ಞಾನೇಶ್ವರನ ಪಕ್ಷದಲ್ಲಿಯಾದರೋ, ಮಗುವಿನ ಮನೆಗೆ ಒದಗಿದ ಸಂಕಟವೇ ಮುಖ್ಯ. ಬೇಕೆನ್ನುವವನಿದ್ದಾನೆಂಬುದು ಮಗುವನ್ನು ಕದಲಿಸಲು ಸಾಕಾದ ಕಾರಣವಲ್ಲ. ಈ ಎರಡು ಅರ್ಥಗಳ ಅಂತರವು ವ್ಯಾಕರಣದ ಅಂತರವಷ್ಟೇ ಅಲ್ಲ. ಮಗುವಿನ ಗತಿಯೇ ಅದರ ಮೇಲೆ ನಿಂತಿರುತ್ತದೆ.

ಶಾಸ್ತ್ರದಲ್ಲಿ ಕರಾಳವಾದ ಇನ್ನೊಂದು ಪಾರ್ಶ್ವವೂ ಉಂಟು. ಅದನ್ನು ಮರೆಮಾಚುವುದು ಯುಕ್ತವಲ್ಲ. ನಾರದನು ಹದಿನೈದು ಬಗೆಯ ದಾಸರನ್ನು ಎಣಿಸುತ್ತಾನೆ. ಅವರಲ್ಲಿ ಒಬ್ಬನು ಅನಾಕಾಲಭೃತ. ದುರ್ಭಿಕ್ಷದಲ್ಲಿ ದಾಸತ್ವಕ್ಕಾಗಿಯೇ ಮರಣದಿಂದ ಕಾಪಾಡಲ್ಪಟ್ಟವನೆಂದು ಮಿತಾಕ್ಷರೆಯು ಆ ಪದವನ್ನು ವಿವರಿಸುತ್ತದೆ. ಕಾಪಾಡುವುದೂ ಸೆರೆಹಿಡಿಯುವುದೂ ಒಂದೇ ಕೈಯಿಂದ ನಡೆಯಬಹುದೆಂಬ ಕಠೋರ ಸತ್ಯವು ಈ ಒಂದು ಪದದಲ್ಲಿ ಅಡಗಿದೆ. ಇವನ ಬಿಡುಗಡೆಗೆ ಜೋಡಿ ಗೋವುಗಳನ್ನು ಕೊಡಬೇಕೆಂದೂ, ಬರದಲ್ಲಿ ಉಂಡದ್ದು ಬರಿಯ ದುಡಿಮೆಯಿಂದ ತೀರದೆಂದೂ ನಾರದನ ಮತ. ವಚನದಲ್ಲಿ ವಯಸ್ಸಿನ ನಿರ್ದೇಶವಿಲ್ಲ. ಪ್ರೌಢನಾದರೆ ಕರಾರಿನ ಅರ್ಥವನ್ನಾದರೂ ತಿಳಿದಿರುವನು. ಮಗುವಿಗೆ ಅದೂ ಇಲ್ಲ. ಆದರೆ ಬಲಾತ್ಕಾರದಿಂದ ದಾಸ್ಯಕ್ಕೆ ತಳ್ಳಲ್ಪಟ್ಟವನನ್ನೂ ಕಳ್ಳರು ಮಾರಿದವನನ್ನೂ ಬಿಡಬೇಕೆಂದು ಯಾಜ್ಞವಲ್ಕ್ಯನ ವಿಧಿ. ಒಡೆಯನು ಬಿಡದಿದ್ದರೆ ಅರಸನೇ ಬಿಡಿಸತಕ್ಕದ್ದೆಂದು ಮಿತಾಕ್ಷರೆ. ಆಪತ್ತಿನ ಹೆಸರಿನಲ್ಲಿ ನಡೆಯುವ ಅಪಹಾರವನ್ನು ತಡೆಯುವುದು ರಾಜಧರ್ಮವೆಂಬುದು ಇದರಿಂದ ಸಿದ್ಧಿಸುತ್ತದೆ.

ಹಾಗಾದರೆ ತನ್ನದೆಂದುಕೊಳ್ಳದೆ ಮಗುವನ್ನು ಸಾಕುವ ಮಾರ್ಗವಿಲ್ಲವೆ? ಅದರ ಉದಾಹರಣೆಯೂ ಇದೇ ಸೀಮೆಯಲ್ಲಿ ದೊರೆಯುತ್ತದೆ. ಕಲಬುರ್ಗಿಯು ರಾಜಧಾನಿಯಾಗಿದ್ದ ಬಹಮನಿ ರಾಜ್ಯವನ್ನು ಎರಡನೆಯ ಮಹಮ್ಮದ ಶಾಹನು ೧೩೭೮ರಿಂದ ೧೩೯೭ರವರೆಗೆ ಆಳಿದನು. ಅವನ ಕಾಲದಲ್ಲಿ ಘೋರ ಕ್ಷಾಮವು ಬಂದಿತು. ಆಗ ಹತ್ತು ಸಾವಿರ ಎತ್ತುಗಳನ್ನು ನೇಮಿಸಿ, ಮಾಳವ ಗುಜರಾತುಗಳಿಂದ ಧಾನ್ಯವನ್ನು ತರಿಸಿ, ಅಗ್ಗದ ಬೆಲೆಗೆ ಪ್ರಜೆಗಳಿಗೆ ಮಾರಿಸಿದನೆಂದು ಫಿರಿಸ್ತಾ ಬರೆದಿದ್ದಾನೆ. ಅದರ ಜೊತೆಗೆ ಕಲಬುರ್ಗಿ, ಬೀದರ, ಕಂಧಾರ, ಎಲಿಚಪುರ, ದೌಲತಾಬಾದ, ಚೌಲ, ದಾಭೋಳ ಮುಂತಾದ ನಗರಗಳಲ್ಲಿ ಅನಾಥ ಬಾಲಕರಿಗೆ ಪಾಠಶಾಲೆಗಳನ್ನು ಸ್ಥಾಪಿಸಿ, ಅವುಗಳ ನಿರ್ವಾಹಕ್ಕೆ ಧಾರಾಳವಾಗಿ ಉತ್ಪತ್ತಿಯನ್ನು ಬಿಟ್ಟನೆಂದೂ ಹೇಳುತ್ತಾನೆ. ಫಿರಿಸ್ತಾ ವಿಜಾಪುರದ ಆಸ್ಥಾನದಲ್ಲಿದ್ದು ಸುಮಾರು ಎರಡು ಶತಮಾನಗಳ ಅನಂತರ ಬರೆದವನು. ಸ್ತುತಿಯ ಅಂಶವನ್ನು ಕಳೆದೇ ಅವನ ಮಾತನ್ನು ಗ್ರಹಿಸಬೇಕು. ಆದರೂ ಇಲ್ಲಿ ಎರಡು ಸಂಗತಿಗಳು ಲಕ್ಷ್ಯಕ್ಕೆ ಅರ್ಹವಾಗಿವೆ. ಧಾನ್ಯದ ಏರ್ಪಾಟು ತಾತ್ಕಾಲಿಕ, ಪಾಠಶಾಲೆಯ ಏರ್ಪಾಟು ಶಾಶ್ವತ; ಬರವು ಹೋದಮೇಲೆಯೂ ಅನಾಥನು ಅನಾಥನಾಗಿಯೇ ಉಳಿಯುತ್ತಾನೆಂಬ ಅರಿವು ಅದರಲ್ಲಿದೆ. ಮತ್ತು ಆ ಮಗುವು ಯಾವೊಬ್ಬ ಉಪಕಾರಿಯ ಅಧೀನಕ್ಕೂ ಹೋಗದೆ, ಸಂಸ್ಥೆಯ ಆಶ್ರಯದಲ್ಲಿ ವಿದ್ಯೆಯನ್ನು ಪಡೆಯುತ್ತದೆ. ಅನಾಕಾಲಭೃತನ ಋಣಕ್ಕೆ ಇದು ನೇರವಾದ ಪ್ರತ್ಯುತ್ತರ.

ಇನ್ನು ಮೂರನೆಯ ವಿಷಯ. ತಾಯಿತಂದೆಗಳು ತೊರೆದ ಮಗುವನ್ನು ಎತ್ತಿ ಸಾಕಿದರೆ ಅವನು ಅಪವಿದ್ಧಪುತ್ರ; ತಾಯಿತಂದೆಗಳಿಲ್ಲದವನು ತಾನಾಗಿ ಬಂದು ಮಗನಾದರೆ ಸ್ವಯಂದತ್ತ. ದ್ವಾದಶಪುತ್ರರಲ್ಲಿ ಈ ಇಬ್ಬರಿಗೂ ಸ್ಥಾನವಿತ್ತು. ಹಾದಿಯಲ್ಲಿ ಸಿಕ್ಕಿದ ಕೂಸಿಗೂ ಪುತ್ರತ್ವವು ಪ್ರಾಪ್ತವಾಗುವಂತೆ ಪ್ರಾಚೀನರು ದಾರಿಯನ್ನು ತೆರೆದಿದ್ದರು. ಕಾಲಕ್ರಮದಲ್ಲಿ ಕಲಿವರ್ಜ್ಯಪ್ರಕರಣವು ಬಲಗೊಂಡು ಔರಸ ದತ್ತಕರಿಬ್ಬರೇ ಉಳಿದರು. ದತ್ತಕಕ್ಕೆ ಕೊಡುವವರು ತಾಯಿತಂದೆಗಳೇ ಆಗಬೇಕು. ಅವರೇ ಗತಿಸಿದ್ದರೆ ಕೊಡುವವರು ಯಾರು? ಆದುದರಿಂದ ಅನಾಥಶಿಶುವಿನ ದತ್ತಸ್ವೀಕಾರವು ಸಿಂಧುವಲ್ಲವೆಂದು ಇಂಗ್ಲಿಷರ ಕಾಲದ ನ್ಯಾಯಸ್ಥಾನಗಳೂ ತೀರ್ಮಾನಿಸಿದವು. ಯಾರಿಗೆ ಮನೆಯು ಅತ್ಯಂತ ಅವಶ್ಯವೋ ಅವರಿಗೇ ಬಾಗಿಲು ಮುಚ್ಚಿದಂತಾಯಿತು.

ಇದರ ಪರಿಣಾಮವು ೧೮೭೬–೭೮ರ ಮಹಾಕ್ಷಾಮದಲ್ಲಿ ಪ್ರತ್ಯಕ್ಷವಾಯಿತು. ಮದರಾಸು ಮುಂಬಯಿ ಪ್ರಾಂತಗಳನ್ನೂ ಮೈಸೂರನ್ನೂ ನಿಜಾಮರ ರಾಜ್ಯದ ಪಶ್ಚಿಮ ಜಿಲ್ಲೆಗಳನ್ನೂ ಅದು ಆವರಿಸಿತು. ಶಹಾಬಾದ ವಾಡಿಗಳ ಮಾರ್ಗವಾಗಿ ರಾಯಚೂರಿಗೆ ರೈಲು ೧೮೭೧ರಲ್ಲಿಯೇ ತಲುಪಿತ್ತು. ವಾಡಿಯಿಂದ ಚಿತ್ತಾಪುರ ಸೇಡಂಗಳ ಮೇಲೆ ಹೈದರಾಬಾದಿಗೆ ಹೋಗುವ ದಾರಿಯು ೧೮೭೪ರಲ್ಲಿ ತೆರೆದಿತ್ತು. ರೈಲು ಧಾನ್ಯವನ್ನು ತರಬಲ್ಲುದು. ಕೊಳ್ಳುವ ಶಕ್ತಿಯನ್ನು ತರಲಾರದು. ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೭೧ರಲ್ಲಿ ೫೦,೫೫,೪೧೨ ಇದ್ದದ್ದು ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿಯಿತು. ಉಳಿದವರಲ್ಲಿ ಅನಾಥ ಮಕ್ಕಳು ಬಹುಮಂದಿ. ವೆಸ್ಲಿಯನ್ ಮಿಷನ್ನಿನವರು ತುಮಕೂರಿನಲ್ಲಿ ಹುಡುಗರಿಗೂ ಹಾಸನದಲ್ಲಿ ಹುಡುಗಿಯರಿಗೂ ಅನಾಥಾಲಯಗಳನ್ನು ನಡೆಯಿಸಿದರು. ಆ ಮಕ್ಕಳು ಪರಮತದವರ ಆಶ್ರಯಕ್ಕೆ ಹೋದರೆಂದು ಅನಂತರ ಆಕ್ಷೇಪಿಸಿದವರು ಅನೇಕರು. ಮಕ್ಕಳ ಪ್ರಾಣವು ಉಳಿದುದು ಆ ಆಶ್ರಯದಿಂದಲೇ ಎಂಬುದನ್ನು ಅಲ್ಲಗಳೆಯಲಾಗದು. ಅವರನ್ನು ಪುತ್ರರಾಗಿ ಸ್ವೀಕರಿಸುವ ದಾರಿಯನ್ನು ಸ್ವಧರ್ಮೀಯರೇ ಮುಚ್ಚಿಕೊಂಡಿದ್ದರೆಂಬುದನ್ನೂ ಮರೆಯಲಾಗದು.

ಮೈಸೂರಿನಲ್ಲಿ ಕ್ಷಾಮದ ಕಮಿಷನರಾಗಿದ್ದ ಎಲಿಯಟ್ಟನು ಮುಂದೆ ರಿಚರ್ಡ್ ಸ್ಟ್ರಾಚಿಯ ಅಧ್ಯಕ್ಷತೆಯ ಕ್ಷಾಮಸಮಿತಿಗೆ ಕಾರ್ಯದರ್ಶಿಯಾದನು. ೧೮೮೦ರಲ್ಲಿ ಆ ಸಮಿತಿಯ ವರದಿಯೂ, ೧೮೮೩ರಲ್ಲಿ ತಾತ್ಕಾಲಿಕ ಕ್ಷಾಮಸಂಹಿತೆಯೂ ಹೊರಬಿದ್ದವು. ದುಡಿಯಲಾರದ ಎಳೆಯ ಮಕ್ಕಳಿಗೆ ಪ್ರತ್ಯೇಕವಾಗಿ ಅನ್ನವನ್ನು ಒದಗಿಸಬೇಕೆಂಬುದೂ, ಅನಾಥರಿಗೆ ಮೊದಲು ಬಂಧುಗಳನ್ನು, ಆಮೇಲೆ ಸ್ವಜನರನ್ನು ಹುಡುಕಿ, ಯಾರೂ ಇಲ್ಲದಿದ್ದರೆ ಮಾತ್ರ ಸಂಸ್ಥೆಗಳಿಗೆ ಒಪ್ಪಿಸಬೇಕೆಂಬುದೂ ಆಗಿನಿಂದ ಆಡಳಿತದ ಕ್ರಮವಾಗಿ ರೂಢಿಗೆ ಬಂದವು. ಎಲ್ಲೆಡೆಯಲ್ಲಿಯೂ ಹಾಗೆಯೇ ನಡೆಯಿತೆಂದು ಇದರ ಅರ್ಥವಲ್ಲ. ಆದರೂ ಅನ್ನವಿಕ್ಕುವ ಕಾರ್ಯವನ್ನೂ ಮಗುವಿನ ನೆಲೆಯನ್ನು ನಿರ್ಣಯಿಸುವ ಕಾರ್ಯವನ್ನೂ ಬೇರ್ಪಡಿಸಿದುದು ಸಣ್ಣ ಮಾತಲ್ಲ.

ಅದೇ ಶತಮಾನದ ಕೊನೆಯಲ್ಲಿ ಪ್ರತಿಕೂಲವಾದ ನಿರ್ಣಯವೊಂದು ಬಂದಿತು. ಒಬ್ಬನೇ ಮಗನನ್ನು ದತ್ತು ಕೊಟ್ಟರೂ ಅದು ಸಿಂಧುವೆಂದು ೧೮೯೯ರಲ್ಲಿ ಲಂಡನ್ನಿನ ಪ್ರೀವಿ ಕೌನ್ಸಿಲು ತೀರ್ಪು ಕೊಟ್ಟಿತು. ಸ್ಮೃತಿಯ ನಿಷೇಧವು ಉಪದೇಶಮಾತ್ರವೆಂಬುದು ಅದರ ಆಶಯ. ದತ್ತವಾದ ಮೇಲೆ ಮಗುವಿನ ಸ್ಥಾನವನ್ನು ಭದ್ರಪಡಿಸುವುದು ಯುಕ್ತವೇ ಸರಿ. ಆದರೆ ಕೊಡುವವನಿಗೆ ಹಾಕಿದ ಕಟ್ಟನ್ನು ಬರಿಯ ಬುದ್ಧಿವಾದವೆಂದು ಎಣಿಸಿದರೆ ವಿಜ್ಞಾನೇಶ್ವರನು ಎಳೆದ ರೇಖೆಯೇ ಅಳಿಸಿಹೋಗುತ್ತದೆ.

ಇಪ್ಪತ್ತನೆಯ ಶತಮಾನವು ಆ ರೇಖೆಯನ್ನು ಮತ್ತೆ ಎಳೆಯಿತು. ಮೊದಲನೆಯ ಮಹಾಯುದ್ಧವು ಮುಗಿದಮೇಲೆ, ಹಸಿದ ಶತ್ರುದೇಶದ ಮಕ್ಕಳಿಗಾಗಿಯೂ ಮರುಗಿದ ಎಗ್ಲಂಟೈನ್ ಜೆಬ್ಬ್ ಎಂಬ ಆಂಗ್ಲ ಮಹಿಳೆಯು ೧೯೧೯ರಲ್ಲಿ ಮಕ್ಕಳ ರಕ್ಷಣಾನಿಧಿಯನ್ನು ಆರಂಭಿಸಿದಳು. ಆಕೆ ರಚಿಸಿದ ಘೋಷಣೆಯನ್ನು ರಾಷ್ಟ್ರಸಂಘವು ೧೯೨೪ರಲ್ಲಿ ಜಿನೀವಾದಲ್ಲಿ ಅಂಗೀಕರಿಸಿತು. ಸಂಕಟಕಾಲದಲ್ಲಿ ಪರಿಹಾರವು ಮೊದಲು ಮಗುವಿಗೆ ಸಲ್ಲಬೇಕೆಂಬುದು ಅದರ ಒಂದು ತತ್ತ್ವ. ಸ್ಮೃತಿಕಾರರಿಗೆ ಆಪತ್ತೆಂಬುದು ಮಗುವನ್ನು ಕೊಡಲು ನಿಮಿತ್ತವಾಗಿತ್ತು; ಇಲ್ಲಿ ಅದು ಮಗುವಿಗೆ ಕೊಡಲು ನಿಮಿತ್ತವಾಯಿತು. ಭಾರತದಲ್ಲಿ ೧೯೫೬ರ ಹಿಂದೂ ದತ್ತಕ ಮತ್ತು ಪೋಷಣೆಯ ಕಾಯಿದೆಯು ದತ್ತಕಕ್ಕಾಗಿ ಹಣ ಕೊಡುವುದನ್ನೂ ಪಡೆಯುವುದನ್ನೂ ನಿಷೇಧಿಸಿತು. ತಾಯಿತಂದೆಗಳು ಗತಿಸಿದ್ದರೆ ನ್ಯಾಯಸ್ಥಾನದ ಅನುಮತಿಯಿಂದ ಪೋಷಕನು ಮಗುವನ್ನು ಕೊಡಬಹುದೆಂದು ವಿಧಿಸಿತು. ೧೯೬೨ರ ತಿದ್ದುಪಡಿಯು ತೊರೆಯಲ್ಪಟ್ಟ, ಕುಲವರಿಯದ ಶಿಶುಗಳಿಗೂ ಇದನ್ನು ವಿಸ್ತರಿಸಿತು. ಅಪವಿದ್ಧಪುತ್ರನು ಕಳೆದುಕೊಂಡಿದ್ದ ಸ್ಥಾನವನ್ನು ಹೀಗೆ ಮರಳಿ ಪಡೆದನು.

ಆದರೂ ಆಪತ್ತಿನ ಪ್ರಶ್ನೆಯು ತೀರಲಿಲ್ಲ. ೨೦೨೦ರ ಅಕ್ಟೋಬರಿನಲ್ಲಿ ಭೀಮಾ ಕಾಗಿಣಾ ನದಿಗಳು ಉಕ್ಕಿ ಕಲಬುರ್ಗಿ ಜಿಲ್ಲೆಯ ಅನೇಕ ಗ್ರಾಮಗಳ ಜನರು ಮನೆ ಬಿಟ್ಟು ಆಶ್ರಯಕೇಂದ್ರಗಳಿಗೆ ಹೋಗಬೇಕಾಯಿತು. ಮರುವರ್ಷದ ಕೊರೋನಾ ಮಹಾಮಾರಿಯಲ್ಲಿ ತಾಯಿತಂದೆಗಳನ್ನು ಕಳೆದುಕೊಂಡ ಕೂಸುಗಳನ್ನು ಯಾರು ಬೇಕಾದರೂ ದತ್ತು ಪಡೆಯಬಹುದೆಂಬ ಸಂದೇಶಗಳು ಮೊಬೈಲುಗಳಲ್ಲಿ ಹರಡಿದವು. ಅವುಗಳನ್ನು ಓದಿ ಮರುಗಿದವರ ದಯೆಯು ನಿಜ. ಆ ದಯೆಯ ಮರೆಯಲ್ಲಿ ಮಕ್ಕಳ ಮಾರಾಟವು ನಡೆಯಬಹುದೆಂಬ ಭಯವೂ ನಿಜ. ಆದುದರಿಂದ ೨೦೨೧ರ ಜೂನಿನಲ್ಲಿ ಸುಪ್ರೀಂ ಕೋರ್ಟು ಅಕ್ರಮ ದತ್ತಕವನ್ನು ತಡೆಯಬೇಕೆಂದು ರಾಜ್ಯಗಳಿಗೆ ಆಜ್ಞಾಪಿಸಿತು. ಅಂತಹ ಮಕ್ಕಳಿಗೆ ಪ್ರತಿ ತಿಂಗಳೂ ೩,೫೦೦ ರೂಪಾಯಿಗಳನ್ನು ಕೊಡುವ ಬಾಲಸೇವಾ ಯೋಜನೆಯನ್ನು ಕರ್ನಾಟಕ ಸರ್ಕಾರವು ಅದೇ ವರ್ಷ ಘೋಷಿಸಿತು. ೨೦೧೫ರ ಬಾಲನ್ಯಾಯ ಕಾಯಿದೆಯಂತೆ, ಅನಾಥ ಅಥವಾ ತೊರೆಯಲ್ಪಟ್ಟ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು, ತಾಯಿತಂದೆಗಳನ್ನು ಹುಡುಕಿಸಬೇಕು. ಎರಡು ವರ್ಷದೊಳಗಿನ ಮಗುವಾದರೆ ಎರಡು ತಿಂಗಳು, ಅದಕ್ಕೆ ಮೇಲ್ಪಟ್ಟುದಾದರೆ ನಾಲ್ಕು ತಿಂಗಳು ವಿಚಾರಣೆಗೆ ಅವಧಿಯುಂಟು. ಆ ಬಳಿಕವೇ ಅದು ದತ್ತಕಕ್ಕೆ ಯೋಗ್ಯವೆಂದು ನಿರ್ಣಯವಾಗತಕ್ಕದ್ದು. ಮರುಗಿದ ಮನಸ್ಸಿಗೆ ಈ ವಿಳಂಬವು ನಿಷ್ಠುರವಾಗಿ ತೋರಬಹುದು. ಆದರೆ ಎಲ್ಲಿಯೋ ಹುಡುಕುತ್ತಿರುವ ತಾಯಿಗೆ ಉಳಿದಿರುವ ಅವಕಾಶವು ಆ ತಿಂಗಳುಗಳೇ.

ಇಷ್ಟು ವಿಚಾರದಿಂದ ಸಿದ್ಧವಾಗುವುದೇನೆಂದರೆ : ಆಪತ್ತು ರಕ್ಷಿಸುವ ಕರ್ತವ್ಯವನ್ನು ಎಲ್ಲರ ಮೇಲೂ ಹೊರಿಸುತ್ತದೆ, ಸ್ವಾಮ್ಯವನ್ನು ಯಾರಿಗೂ ಕೊಡುವುದಿಲ್ಲ. ಪುತ್ರನು ಅದೇಯನೆಂಬ ವಚನದಲ್ಲಿಯೂ, ಕೊಡುವವನಿಗೆ ವಿಜ್ಞಾನೇಶ್ವರನು ಹಾಕಿದ ಕಟ್ಟಿನಲ್ಲಿಯೂ, ಬಹಮನಿ ಸುಲ್ತಾನನ ಪಾಠಶಾಲೆಗಳಲ್ಲಿಯೂ, ಇಂದಿನ ಕಾಯಿದೆಯ ಅವಧಿಗಳಲ್ಲಿಯೂ ಇರುವ ತಿರುಳು ಇದೊಂದೇ. ಇದನ್ನು ಮರೆತ ಕಾಲದಲ್ಲಿ ಅನಾಕಾಲಭೃತನು ಹುಟ್ಟುತ್ತಾನೆ. ನೆನೆದ ಕಾಲದಲ್ಲಿ ಅನಾಥನೂ ಯಾರದೋ ಮಗನಾಗಿ ಉಳಿಯುತ್ತಾನೆ. ಮಿತಾಕ್ಷರೆಯನ್ನು ಆಸ್ತಿಯ ವಿಭಾಗಕ್ಕಾಗಿ ಮಾತ್ರ ತೆರೆಯುವ ಪಂಡಿತರೂ ನ್ಯಾಯವಾದಿಗಳೂ ದತ್ತಪ್ರಕರಣದ ಆ ಎರಡು ಪಂಕ್ತಿಗಳನ್ನು ಮಗುವಿನ ದೃಷ್ಟಿಯಿಂದ ಇನ್ನೊಮ್ಮೆ ಅವಲೋಕಿಸಬೇಕಾದುದು ಅವಶ್ಯಕವಾಗಿದೆ.