ಸಿಮಿಟ್ರಿ

ನಾಮಪದ. ಕ್ರೈಸ್ತರ ಸಮಾಧಿಭೂಮಿ. ಇಂಗ್ಲಿಷಿನಿಂದ ಬಂದದ್ದು, ಮೂಲ ಗ್ರೀಕಿನ ‘ಕೊಯ್‌ಮೆಟೀರಿಯನ್’, ಎಂದರೆ ಮಲಗುವ ಕೋಣೆ. ಹೆಣ ಹೂಳುವ ಜಾಗಕ್ಕೆ ಈ ಹೆಸರನ್ನು ರೂಢಿಗೆ ತಂದವರು ಆದಿ ಕ್ರೈಸ್ತರು: ಸಾವು ನಿದ್ದೆ, ಪುನರುತ್ಥಾನ ಎಚ್ಚರ ಎಂಬುದು ಅವರ ನಂಬಿಕೆ. ‘ಪ್ರಭುವಿನಲ್ಲಿ ನಿದ್ರೆಹೋದರು’ ಎಂಬ ಕನ್ನಡ ಕ್ರೈಸ್ತರ ಮಾತಿನಲ್ಲೂ ಇದೇ ಅರ್ಥ. ಹಾಗೆಂದು ಅಳಬಾರದೆಂದೇನಿಲ್ಲ, ತೀರಿಕೊಂಡ ಗೆಳೆಯ ಲಾಜರ ನಿದ್ದೆಹೋಗಿದ್ದಾನೆ ಎಂದ ಯೇಸುವೇ ಅವನ ಗೋರಿಗೆ ಹೋಗುವಾಗ ಕಣ್ಣೀರಿಟ್ಟರು (ಯೋಹಾನನ ಸುವಾರ್ತೆ, 11ನೇ ಅಧ್ಯಾಯ).

ಬಳಕೆ: ಇಲವಾಲ, ಮೈಸೂರು ಕಡೆಯ ಕಥೋಲಿಕರು ನವೆಂಬರ್ 2ರ ಸಕಲ ಆತ್ಮಗಳ ದಿನಕ್ಕೆ ಸಿಮಿಟ್ರಿಗೆ ಹೋಗಿ, ಗೋರಿಯ ಸುತ್ತಲಿನ ಕಳೆ ಕಿತ್ತು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತಾರೆ. “ಸಾಯಂಕಾಲ ಸಿಮಿಟ್ರಿಗೆ ಬರ್ತೀರೇನಕ್ಕ?”